ತಾಯಿಹಡಗು, ಮರಿನೌಕೆ ಮತ್ತು ಕೊನೆಯ ಐದು ನಿಮಿಷ



ಇವತ್ತು ನಾವು ಒಂದು ಕಟ್ಟುಕಥೆಯ ವಾಹನದಿಂದ ಶುರು ಮಾಡಿ, ಸೌದಿ ಅರೇಬಿಯಾದ ಕಡಲತಳಕ್ಕೆ ಇಳಿಯಲಿದ್ದೇವೆ. 'ಸ್ಟಾರ್ ಟ್ರೆಕ್' ಹೆಸರು ನಿಮ್ಮಲ್ಲಿ ಬಹಳ ಜನ ಕೇಳಿರ್ತೀರಿ. 1966ರಲ್ಲಿ ಅಮೆರಿಕದ ಟಿವಿಯಲ್ಲಿ ಶುರುವಾದ ಧಾರಾವಾಹಿ. ಅದರಲ್ಲಿ 'ಎಂಟರ್‌ಪ್ರೈಸ್' ಎಂಬ ದೊಡ್ಡ ನಕ್ಷತ್ರನೌಕೆ ಇದೆ. ಆದರೆ ಅದು ಗ್ರಹಗಳ ಮೇಲೆ ಇಳಿಯುವುದಿಲ್ಲ, ಮೇಲೆಯೇ ಸುತ್ತುತ್ತಾ ಇರುತ್ತೆ. ಪ್ರತಿ ವಾರ ಅಷ್ಟು ದೊಡ್ಡ ನೌಕೆ ಇಳಿಯುವುದನ್ನು ಚಿತ್ರೀಕರಿಸೋಕೆ ದುಡ್ಡು ಸಾಲದು ಅಂತಾನೇ ಜನರನ್ನು ಮಾಯ ಮಾಡಿ ಕೆಳಗಿಳಿಸುವ ಯಂತ್ರವನ್ನು ಕಥೆಗಾರರು ಕಲ್ಪಿಸಿಕೊಂಡರು. ಆ ಯಂತ್ರ ಕೈಕೊಟ್ಟ ಕಡೆಗೆ 'ಗೆಲಿಲಿಯೋ' ಅನ್ನುವ ಪುಟ್ಟ ಷಟಲ್ ಬಂತು. 1973ರ ಅನಿಮೇಷನ್ ಸರಣಿಯಲ್ಲಂತೂ ಇನ್ನೊಂದು ಷಟಲ್ ಇತ್ತು. ಅದು ಹಾರುತ್ತೆ, ನೀರಿನ ಮೇಲೆ ತೇಲುತ್ತೆ, ಮುಳುಗಿ ಕಡಲೊಳಗೂ ಓಡಾಡುತ್ತೆ. ಒಂದು ತಾಯಿಹಡಗು, ಅದರ ಹೊಟ್ಟೆಯೊಳಗೆ ಎಲ್ಲ ಕಡೆ ಹೋಗಬಲ್ಲ ಮರಿನೌಕೆ.

ಇಂಥದ್ದು ನಿಜವಾಗಿ ಇದೆಯಾ ಅಂತ ಕೇಳಿದರೆ ನಮ್ಮ ಉತ್ತರ: ಇದೆ. ನಕ್ಷತ್ರಗಳ ನಡುವೆ ಅಲ್ಲ, ನೀರಿನಲ್ಲಿ. ಅದರ ಅತಿ ಒಳ್ಳೆಯ ಕಥೆ ನಡೆದದ್ದು ಕೆಂಪು ಸಮುದ್ರದಲ್ಲಿ.

ಹಡಗಿನ ಹೆಸರು 'ಓಷನ್‌ಎಕ್ಸ್‌ಪ್ಲೋರರ್'. ಉದ್ದ 87 ಮೀಟರ್. 2010ರಲ್ಲಿ ಸಮುದ್ರ ಸಮೀಕ್ಷೆಯ ಕೆಲಸಕ್ಕೆ ಕಟ್ಟಿದ ಹಡಗು ಇದು. ಆಮೇಲೆ ರೇ ಡಾಲಿಯೋ ಮತ್ತು ಅವರ ಮಗ ಮಾರ್ಕ್ ಡಾಲಿಯೋ ಶುರು ಮಾಡಿದ 'ಓಷನ್‌ಎಕ್ಸ್' ಸಂಸ್ಥೆ ಇದನ್ನು ಕೊಂಡು, ಪೂರ್ತಿ ಬದಲಾಯಿಸಿ, 2020ರಲ್ಲಿ ಸಂಶೋಧನೆಗೆ ಇಳಿಸಿತು. ಇದರ ಮೇಲೆ ಹೆಲಿಕಾಪ್ಟರ್ ಇಳಿಯುವ ಜಾಗ ಇದೆ, ಒಳಗೆ ಪ್ರಯೋಗಾಲಯಗಳಿವೆ, ಹಿಂಬದಿಯಲ್ಲಿ ಭಾರ ಎತ್ತಿ ನೀರಿಗಿಳಿಸುವ ದೊಡ್ಡ ಕ್ರೇನು ಚೌಕಟ್ಟಿದೆ. ಇನ್ನು ಮರಿನೌಕೆಗಳು ಮೂರು ಜಾತಿಯವು.

ಮೊದಲನೆಯದು ಮನುಷ್ಯರು ಕೂತು ಹೋಗುವ ಜಲಾಂತರ ವಾಹನ. ಇಂಥವು ಎರಡಿವೆ, ಹೆಸರು 'ನೆಪ್ಚ್ಯೂನ್' ಮತ್ತು 'ನಾಡಿರ್'. ಒಂದು ವಿಜ್ಞಾನದ ಕೆಲಸಕ್ಕೆ, ಇನ್ನೊಂದು ಚಿತ್ರೀಕರಣಕ್ಕೆ. ಪಾರದರ್ಶಕ ಅಕ್ರಿಲಿಕ್ ಗೋಳದೊಳಗೆ ಮೂರು ಜನ ಕೂತು 1,000 ಮೀಟರ್ ಆಳಕ್ಕೆ ಹೋಗಬಹುದು. ಎರಡನೆಯದು ಆಳಿಲ್ಲದ ರೋಬೋ. ಹಡಗಿನಿಂದ ಇಳಿಬಿಟ್ಟ ಕೇಬಲ್ಲಿನ ತುದಿಯಲ್ಲಿ ಇದು ಕೆಲಸ ಮಾಡುತ್ತೆ, ಮೇಲೆ ಕೂತವರು ಅದನ್ನು ಓಡಿಸ್ತಾರೆ. ಮೂರನೆಯದಕ್ಕೆ ಆಳೂ ಇಲ್ಲ, ಕೇಬಲ್ಲೂ ಇಲ್ಲ. ದಾರಿಯನ್ನು ಮೊದಲೇ ಹೇಳಿಕೊಟ್ಟು ಬಿಟ್ಟರೆ ತಾನೇ ಹೋಗಿ ಸಮುದ್ರತಳದ ನಕ್ಷೆ ತೆಗೆದುಕೊಂಡು ಬರುತ್ತೆ. ಈ ಎರಡು ಜಾತಿಯವು 6,000 ಮೀಟರ್ ಆಳದವರೆಗೂ ಇಳಿಯುತ್ತವೆ.

ಒಂದೇ ವಾಹನ ಸಾಕಾಗಲ್ವಾ, ಮೂರು ಯಾಕೆ? ಕಟ್ಟುಕಥೆಯ ಷಟಲ್ಲಿಗೂ ನಿಜವಾದದ್ದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ.

ಮೊದಲ ತೊಡಕು ಒತ್ತಡ. ಪ್ರತಿ 10 ಮೀಟರ್ ಇಳಿದಾಗಲೂ ಹೆಚ್ಚುಕಡಿಮೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತಾ ಹೋಗುತ್ತೆ. 1,000 ಮೀಟರ್ ಆಳದಲ್ಲಿ ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಸುಮಾರು 100 ಕಿಲೋ, ಅಂದ್ರೆ ಒಂದು ಕ್ವಿಂಟಾಲ್ ಅಕ್ಕಿ ಹೇರಿದ ಹಾಗೆ. ಬಾಹ್ಯಾಕಾಶ ನೌಕೆಯ ಒಳಗೂ ಹೊರಗೂ ಇರುವ ಒತ್ತಡದ ವ್ಯತ್ಯಾಸ ಬರೀ ಒಂದು ವಾತಾವರಣ. ಈ ಒಂದು ಲೆಕ್ಕದಲ್ಲಿ ನೋಡಿದರೆ ಆಕಾಶಕ್ಕಿಂತ ಕಡಲೇ ಕಷ್ಟ.

ಎರಡನೆಯ ತೊಡಕು ಮಾತುಕತೆ. ರೇಡಿಯೋ ಅಲೆಗಳು ಉಪ್ಪುನೀರಿನಲ್ಲಿ ಕೆಲವೇ ಮೀಟರ್‌ಗಳಲ್ಲಿ ಸತ್ತುಹೋಗುತ್ತವೆ. ಕೇಬಲ್ ಇಲ್ಲದ ವಾಹನದ ಜೊತೆ ಶಬ್ದದ ಮೂಲಕವೇ ಮಾತಾಡಬೇಕು. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಹಾಗಾದರೆ 1,770 ಮೀಟರ್ ಆಳಕ್ಕೆ ಒಂದು ಪ್ರಶ್ನೆ ಕಳಿಸಿ ಉತ್ತರ ಬರೋಕೆ ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಭೂಮಿಯಿಂದ ಚಂದ್ರನಿಗೆ ರೇಡಿಯೋ ಹೋಗಿ ಬರೋಕೆ ಬೇಕಾದದ್ದು ಎರಡೂವರೆ ಸೆಕೆಂಡ್. ಅಂದ್ರೆ ಮಾತುಕತೆಯ ಮಟ್ಟಿಗೆ, ಕಾಲಡಿಯ ಕಡಲತಳ ಹೆಚ್ಚುಕಡಿಮೆ ಚಂದ್ರನಷ್ಟೇ ದೂರ! ಕೇಬಲ್ ಇರುವ ರೋಬೋಗೆ ಈ ಸಮಸ್ಯೆ ಇಲ್ಲ, ಚಿತ್ರ ಆ ಕ್ಷಣಕ್ಕೇ ಮೇಲೆ ಬರುತ್ತೆ. ಆದರೆ ಅದು ಕಟ್ಟಿಹಾಕಿದ ಹಸುವಿನ ಹಾಗೆ, ಹಗ್ಗ ಇದ್ದಷ್ಟೇ ಮೇವು.

ಮೂರನೆಯದು ನೋಟ. ಹಡಗಿನ ತಳದಲ್ಲಿರುವ ಸೋನಾರಿನ ಒಂದು ಕಿರಣ 1 ಡಿಗ್ರಿ ಅಗಲ ಇದೆ ಅಂದುಕೊಳ್ಳಿ. 1,770 ಮೀಟರ್ ಆಳ ತಲುಪುವ ಹೊತ್ತಿಗೆ ಅದು ಸುಮಾರು 30 ಮೀಟರ್ ಅಗಲಕ್ಕೆ ಹರಡಿರುತ್ತೆ. ಅದಕ್ಕಿಂತ ಚಿಕ್ಕದು ಏನಿದ್ದರೂ ಆ ನಕ್ಷೆಯಲ್ಲಿ ಸರಿಯಾಗಿ ಮೂಡುವುದಿಲ್ಲ. ಹತ್ತಿರ ಹೋಗಿಯೇ ನೋಡಬೇಕು. ತಾಯಿಹಡಗಿಗೆ ಮರಿಗಳು ಬೇಕಾಗುವುದು ಇದಕ್ಕೇ.

ಈಗ ಆ 'ಬೇರೆ ಗ್ರಹ'ಕ್ಕೆ ಬರೋಣ. ಕೆಂಪು ಸಮುದ್ರವನ್ನು ಬೇರೆ ಗ್ರಹ ಅಂತ ಕರೆಯೋಕೆ ನಮ್ಮಂಥ ಜೀವಶಾಸ್ತ್ರದವರಿಗೆ ಕಾರಣ ಇದೆ. ಸಾಮಾನ್ಯವಾಗಿ ಸಮುದ್ರದಲ್ಲಿ ಕೆಳಗಿಳಿದ ಹಾಗೆ ಚಳಿ. ಅರಬ್ಬಿ ಸಮುದ್ರದಲ್ಲೂ 2,000 ಮೀಟರ್ ಕೆಳಗೆ ನೀರು ಫ್ರಿಜ್ಜಿನೊಳಗಿನಷ್ಟು ತಣ್ಣಗಿರುತ್ತೆ. ಕೆಂಪು ಸಮುದ್ರದಲ್ಲಿ ಹಾಗಲ್ಲ. ತಳದವರೆಗೂ ಸುಮಾರು 21 ಡಿಗ್ರಿ ಸೆಲ್ಸಿಯಸ್, ಬೆಂಗಳೂರಿನ ಡಿಸೆಂಬರ್ ತಿಂಗಳ ಹವೆಯ ಹಾಗೆ. ಕಾರಣ ಸರಳ. ದಕ್ಷಿಣದಲ್ಲಿ ಬಾಬ್ ಎಲ್ ಮಂದೆಬ್ ಜಲಸಂಧಿಯ ಹತ್ತಿರ ಸಮುದ್ರತಳ ಒಂದು ಹೊಸ್ತಿಲಿನ ಹಾಗೆ ಎದ್ದು ನಿಂತಿದೆ. ಅಲ್ಲಿ ಆಳ ಬರೀ 137 ಮೀಟರ್. ಹಿಂದೂ ಮಹಾಸಾಗರದ ಆಳದ ತಣ್ಣೀರಿಗೆ ಆ ಹೊಸ್ತಿಲು ದಾಟೋಕೆ ಆಗುವುದಿಲ್ಲ. ವರ್ಷವಿಡೀ ಹರಿಯುವ ನದಿ ಒಂದೂ ಈ ಸಮುದ್ರಕ್ಕೆ ಸೇರುವುದಿಲ್ಲ, ಮಳೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಬಿಸಿಲು ವಿಪರೀತ. ಹಾಗಾಗಿ ಉಪ್ಪೂ ಹೆಚ್ಚು, ಒಂದು ಕಿಲೋ ನೀರಿನಲ್ಲಿ ಸುಮಾರು 40 ಗ್ರಾಂ.

ಆಳದ ಹವಳಗಳು ತಣ್ಣೀರಿನವು ಅಂತಲೇ ನಾವು ಪುಸ್ತಕದಲ್ಲಿ ಓದಿದ್ದು. ಆದರೆ ಜೆದ್ದಾದ ಉತ್ತರಕ್ಕಿರುವ ಥುವಾಲ್‌ನ ಕಿಂಗ್ ಅಬ್ದುಲ್ಲಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ತಂಡ 2013ರಲ್ಲಿ ಬೇರೆಯೇ ಸಂಗತಿ ವರದಿ ಮಾಡಿತು. ಕೆಂಪು ಸಮುದ್ರದ ಆಳದಲ್ಲಿ, 20 ಡಿಗ್ರಿಗಿಂತ ಬೆಚ್ಚಗಿನ, ಆಹಾರವೂ ಆಮ್ಲಜನಕವೂ ಕಡಿಮೆ ಇರುವ ಕತ್ತಲೆಯಲ್ಲಿ ಹವಳಗಳು ಬದುಕಿವೆ. ಹೇಗೆ ಅಂತೀರಾ? ಅವು ತಮ್ಮ ದೇಹದ ಖರ್ಚನ್ನು ಬಹಳ ಕಡಿಮೆ ಮಾಡಿಕೊಂಡಿವೆ. ಬರಗಾಲದ ಮನೆಯಲ್ಲಿ ಒಲೆ ಸಣ್ಣಗೆ ಉರಿಸಿದ ಹಾಗೆ.

2020ರಲ್ಲಿ ಓಷನ್‌ಎಕ್ಸ್‌ಪ್ಲೋರರ್ ಬಂದದ್ದು ಇಂಥ ಕಡಲಿಗೆ. ಸೌದಿಯ ವಾಯವ್ಯ ಮೂಲೆಯಲ್ಲಿ ಕಟ್ಟಲಾಗುತ್ತಿರುವ ನಿಯೋಮ್ ಎಂಬ ಬೃಹತ್ ನಗರ ಯೋಜನೆಯ ಜೊತೆಗೂಡಿ ನಡೆದ ಯಾನ ಅದು. ಆ ವರ್ಷ ಎರಡು ಸಂಗತಿ ನಡೆದವು.

ಮೊದಲನೆಯದು 'ಪೆಲ್ಲಾ' ಎಂಬ ಪ್ರಯಾಣಿಕ ಹಡಗಿನ ಹತ್ತಿರ. ಜೋರ್ಡಾನಿನ ಅಕಾಬಾದಿಂದ ಈಜಿಪ್ಟಿಗೆ ಹೋಗುತ್ತಿದ್ದ ಈ ಹಡಗು 2011ರ ನವೆಂಬರ್‌ನಲ್ಲಿ ಬೆಂಕಿ ಬಿದ್ದು ಮುಳುಗಿತ್ತು. ಸುಮಾರು 850 ಮೀಟರ್ ಆಳದಲ್ಲಿ ಬಿದ್ದಿದ್ದ ಅದರ ಅವಶೇಷವನ್ನು ರೋಬೋ ನೋಡುತ್ತಿದ್ದಾಗ, ಪರದೆಯ ಮೇಲೆ ಏನೋ ಒಂದು ಭಾರೀ ಜೀವಿ ಬಂತು, ಹಡಗಿನ ಮೂತಿಯ ಹತ್ತಿರ ಸುಳಿದು ಹೋಯಿತು. ಅದು ಸ್ಕ್ವಿಡ್, ನಮ್ಮ ಕರಾವಳಿಯವರು ಬೊಂಡಾಸ್ ಅನ್ನುವ ಪ್ರಾಣಿಯ ಬಳಗದ್ದು. ಆದರೆ ಮನುಷ್ಯನಿಗಿಂತ ದೊಡ್ಡದು. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಮೈಕ್ ವೆಕ್ಕಿಯೋನೆ ವಿಡಿಯೋ ನೋಡಿ, ಇದು ನೇರಳೆ ಬೆನ್ನಿನ ಹಾರುವ ಸ್ಕ್ವಿಡ್ಡಿನ ದೈತ್ಯ ರೂಪ ಇರಬಹುದು ಎಂದರು. ವಿಜ್ಞಾನದ ಹೆಸರು ಸ್ಥೀನೊಟ್ಯೂಥಿಸ್ ಔಲಾನಿಯೆನ್ಸಿಸ್. ಇದೇ ಜಾತಿಯ ಚಿಕ್ಕವು ಹಿಂದೂ ಮಹಾಸಾಗರದಲ್ಲಿ ಬೇಕಾದಷ್ಟಿವೆ. ದೊಡ್ಡವು ಆ ಆಳದಲ್ಲಿ ಹೇಗೆ ಓಡಾಡ್ತವೆ ಅನ್ನುವುದನ್ನು ಬಲೆ ಹೇಳುವುದಿಲ್ಲ, ಯಾಕಂದ್ರೆ ಬಲೆಗೆ ಬಿದ್ದದ್ದು ಮೇಲೆ ಬರುವಾಗ ಹೆಣ. ನಡವಳಿಕೆ ಗೊತ್ತಾಗಬೇಕಾದರೆ ಅದರ ಮನೆಗೇ ಹೋಗಬೇಕು.

ಎರಡನೆಯ ಸಂಗತಿ ಇನ್ನೂ ದೊಡ್ಡದು. ಅಕಾಬಾ ಕೊಲ್ಲಿಯಲ್ಲಿ, 1,770 ಮೀಟರ್ ಆಳದಲ್ಲಿ, ರೋಬೋ ತಳ ಹುಡುಕುತ್ತಿತ್ತು. ಈ ಆಳ ಎಷ್ಟು ಅಂದ್ರೆ, ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯನ್ನು ತಂದು ಅಲ್ಲಿಟ್ಟರೆ ತುದಿಯ ನೂರೈವತ್ತು ಮೀಟರ್ ಮಾತ್ರ ನೀರಿನ ಮೇಲೆ ಕಾಣುತ್ತೆ. ಮಿಯಾಮಿ ವಿಶ್ವವಿದ್ಯಾಲಯದ ಸ್ಯಾಮ್ ಪರ್ಕಿಸ್ ತಂಡಕ್ಕೆ ಈ ಕೆಲಸಕ್ಕೆ ಸಿಕ್ಕಿದ್ದು 10 ಗಂಟೆಯ ಒಂದು ಮುಳುಗು. ಅದರ ಕೊನೆಯ ಐದು ನಿಮಿಷದಲ್ಲಿ, ಕಡಲ ತಳದಲ್ಲಿ ಒಂದು ಕೆರೆ ಕಾಣಿಸಿತು.

ನೀರಿನೊಳಗೆ ಕೆರೆಯಾ ಅಂತ ಅನ್ನಿಸಬಹುದು. ಹೌದು, ಇದು ಉಪ್ಪುರಸದ ಕೆರೆ. ಕೆಂಪು ಸಮುದ್ರದ ಅಡಿಯಲ್ಲಿ ಲಕ್ಷಾಂತರ ವರ್ಷಗಳ ಹಿಂದೆ ಸಮುದ್ರ ಆವಿಯಾಗಿ ಉಳಿಸಿಹೋದ ಉಪ್ಪಿನ ದಪ್ಪ ಪದರಗಳಿವೆ. ಆ ಉಪ್ಪು ಕರಗಿ ಹೊರಬಂದ ನೀರು ಸುತ್ತಲಿನ ನೀರಿಗಿಂತ ಹಲವು ಪಟ್ಟು ಉಪ್ಪಾಗಿ, ಅಷ್ಟೇ ಭಾರವಾಗಿ, ತಗ್ಗಿನಲ್ಲಿ ನಿಲ್ಲುತ್ತೆ. ಮೇಲಿನ ನೀರಿನ ಜೊತೆ ಬೆರೆಯದೆ ದಡ, ಮೇಲ್ಮೈ ಎಲ್ಲ ಇರುವ ಕೆರೆಯೇ ಆಗಿಬಿಡುತ್ತೆ. ಇಲ್ಲಿ ಸಿಕ್ಕ ದೊಡ್ಡ ಕೆರೆ 10,000 ಚದರ ಮೀಟರ್, ಅಂದ್ರೆ ಸುಮಾರು ಎರಡೂವರೆ ಎಕರೆ ಗದ್ದೆ. ಜೊತೆಗೆ ಮೂರು ಪುಟ್ಟವು, ಒಂದೊಂದೂ 10 ಚದರ ಮೀಟರಿಗಿಂತ ಚಿಕ್ಕವು. ಆಗಲೇ ಹೇಳಿದ 30 ಮೀಟರ್ ಅಗಲದ ಸೋನಾರ್ ಕಿರಣ ನೆನಪಿದೆಯಾ? ಅದಕ್ಕೆ ಇವು ಕಾಣುವ ಮಾತೇ ಇಲ್ಲ.

ಈ ಕೆರೆಯಲ್ಲಿ ಆಮ್ಲಜನಕ ಇಲ್ಲ. ದಾರಿ ತಪ್ಪಿ ಒಳಗೆ ಬಿದ್ದ ಮೀನು ಅಲ್ಲೇ ಮರಗಟ್ಟುತ್ತೆ ಇಲ್ಲವೇ ಸಾಯುತ್ತೆ. ಆದರೆ ದಡದಲ್ಲಿ ಜಾತ್ರೆ! ಸೂಕ್ಷ್ಮಜೀವಿಗಳ ಚಾಪೆ ಹಾಸಿದ ಹಾಗೆ ಹಬ್ಬಿದೆ. ಮೀನು, ಸಿಗಡಿ, ಹಾವುಮೀನುಗಳು ಕೆರೆಯಂಚಿನಲ್ಲಿ ಕಾದು ಕೂತಿರ್ತವೆ, ಒಳಗೆ ಬಿದ್ದು ತತ್ತರಿಸಿದ ಬಡಪಾಯಿ ಜೀವಿಗಳನ್ನು ಹಿಡಿಯೋಕೆ. ಸುತ್ತ ಮರುಭೂಮಿಯಂಥ ತಳ, ನಡುವೆ ಈ ಓಯಸಿಸ್. ಬೇರೆ ಗ್ರಹ, ಉಪಗ್ರಹಗಳ ಸಾಗರದಲ್ಲಿ ಜೀವ ಹುಡುಕುವವರೂ ಇಂಥ ಕೆರೆಗಳನ್ನು ಆಸಕ್ತಿಯಿಂದ ನೋಡ್ತಾರೆ. ಆಮ್ಲಜನಕವಿಲ್ಲದ, ಕತ್ತಲ, ಉಪ್ಪುನೀರಿನಲ್ಲಿ ಬದುಕು ಎಲ್ಲಿಯವರೆಗೆ ತಾಳುತ್ತೆ ಅನ್ನೋದು ಇಬ್ಬರ ಪ್ರಶ್ನೆಯೂ ಹೌದು.

ಆದರೆ ನಮಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆ ಕೆರೆಯ ಕೆಸರು. ಸಾಮಾನ್ಯ ಸಮುದ್ರತಳದಲ್ಲಿ ಹುಳು, ಏಡಿ, ಸಿಗಡಿ ಎಲ್ಲ ಬಿಲ ತೋಡುತ್ತಾ ಕೆಸರನ್ನು ಉಳುತ್ತಾ ಇರುತ್ತವೆ. ಎರೆಹುಳು ಹೊಲದಲ್ಲಿ ಮಾಡುವ ಕೆಲಸವೇ ಅದು. ಹಾಗಾಗಿ ಇವತ್ತು ಬಿದ್ದ ಪದರ, ನಾಲ್ಕು ವರ್ಷದ ಹಿಂದಿನ ಪದರ ಎರಡೂ ಕಲಸಿಹೋಗುತ್ತವೆ. ಉಪ್ಪುರಸದ ಕೆರೆಯಲ್ಲಿ ಉಳುವವರೇ ಬದುಕುವುದಿಲ್ಲ. ಬಿದ್ದ ಪದರ ಬಿದ್ದ ಹಾಗೇ ಕೂರುತ್ತೆ, ದಿನಚರಿ ಪುಸ್ತಕದ ಪುಟಗಳ ಹಾಗೆ. ಕೆಂಪು ಸಮುದ್ರದಲ್ಲಿ ಮೊದಲು ಗೊತ್ತಿದ್ದ ಇಂಥ ಕೆರೆಗಳೆಲ್ಲ ದಡದಿಂದ ಕನಿಷ್ಠ 25 ಕಿಲೋಮೀಟರ್ ದೂರ ಇದ್ದವು. ಇದು ದಡದಿಂದ ಬರೀ 2 ಕಿಲೋಮೀಟರ್. ಹಾಗಾಗಿ ನೆಲದ ಮೇಲೆ ಜೋರು ಮಳೆ ಬಂದು ಹಳ್ಳ ಹರಿದಾಗಲೆಲ್ಲ, ಭೂಕಂಪ ಇಲ್ಲವೇ ಸುನಾಮಿ ಆದಾಗಲೆಲ್ಲ, ಅದರ ಮಣ್ಣು ಮರಳು ಇಲ್ಲಿ ಬಂದು ಒಂದು ಪುಟ ಸೇರಿಸಿದೆ.

ಕೆಸರಿಗೆ ಕೊಳವೆ ಚುಚ್ಚಿ ತೆಗೆದ ಮಾದರಿಗಳಲ್ಲಿ ಸಾವಿರಕ್ಕೂ ಹೆಚ್ಚು ವರ್ಷಗಳ ಲೆಕ್ಕ ಸಿಕ್ಕಿತು. 2022ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಆ ಭಾಗದಲ್ಲಿ ಭಾರೀ ಮಳೆಯ ಪ್ರವಾಹ ಸುಮಾರು 25 ವರ್ಷಕ್ಕೊಮ್ಮೆ, ಸುನಾಮಿ ಸುಮಾರು 100 ವರ್ಷಕ್ಕೊಮ್ಮೆ. ಅದೇ ಕೊಲ್ಲಿಯಲ್ಲಿ 1995ರ ನವೆಂಬರ್‌ನಲ್ಲಿ 7.2 ತೀವ್ರತೆಯ ಭೂಕಂಪ ಆಗಿತ್ತು ಅನ್ನೋದನ್ನೂ ಇಲ್ಲಿ ಸೇರಿಸಿಕೊಳ್ಳಿ.

ಈಗ ಯೋಚನೆ ಮಾಡಿ. ಹಿಂದೆ ಜನ ವಿರಳವಾಗಿದ್ದ ಆ ಕರಾವಳಿಯಲ್ಲಿ ಈಗ ನಗರ, ಬಂದರು, ವಿಹಾರ ದ್ವೀಪ ಕಟ್ಟುವ ಕೆಲಸ ನಡೆದಿದೆ. 2017ರಲ್ಲಿ ಘೋಷಣೆಯಾದ ಯೋಜನೆ ಅದು. ವಿಜ್ಞಾನಿಗಳು ಈ ಕೆರೆಗಳಿಗೆ ಇಟ್ಟ ಹೆಸರೂ 'ನಿಯೋಮ್ ಉಪ್ಪುರಸದ ಕೆರೆಗಳು' ಅಂತಲೇ. ಕಟ್ಟುವವರ ನೆರವಿನಿಂದಲೇ ಹೊರಟ ಹಡಗು, ಕಟ್ಟುವವರು ತಪ್ಪದೆ ಓದಬೇಕಾದ ಎಚ್ಚರಿಕೆಯನ್ನು ತಂದುಕೊಟ್ಟಿದೆ. ನೂರು ವರ್ಷಕ್ಕೊಮ್ಮೆ ಅಂದ್ರೆ ಅಪರೂಪ ಅನ್ನಿಸಬಹುದು. ಆದರೆ ನಗರ ಕಟ್ಟುವುದು ನೂರು ವರ್ಷದ ಮೇಲೆ ಬಾಳಲಿ ಅಂತ ತಾನೇ? ಪ್ರವಾಹದ ಲೆಕ್ಕವಂತೂ ಒಂದು ತಲೆಮಾರಿಗೊಂದು ಸಲ. ಈ ಮಾಹಿತಿ ಕೈಯಲ್ಲಿಟ್ಟುಕೊಂಡು ಎಲ್ಲಿ ಕಟ್ಟಬೇಕು, ಎಷ್ಟು ಎತ್ತರಕ್ಕೆ ಕಟ್ಟಬೇಕು ಅನ್ನುವುದನ್ನು ತೀರ್ಮಾನಿಸಿದರೆ ಆ ಐದು ನಿಮಿಷದ ಬೆಲೆ ಕಟ್ಟೋಕಾಗಲ್ಲ. ಇಲ್ಲದಿದ್ದರೆ ಅದು ಚಂದದ ಒಂದು ವಿಡಿಯೋ, ಅಷ್ಟೇ.

2022ರ ಫೆಬ್ರವರಿಯಿಂದ ಜೂನ್‌ವರೆಗೆ ಇದೇ ಹಡಗು ಮತ್ತೆ ಸೌದಿ ಕಡಲಲ್ಲಿ ಓಡಾಡಿತು. ಈ ಸಲ ಸೌದಿಯ ರಾಷ್ಟ್ರೀಯ ವನ್ಯಜೀವಿ ಕೇಂದ್ರ ನಡೆಸಿದ 'ಕೆಂಪು ಸಮುದ್ರ ದಶಕದ ಯಾನ'. 'ಅಲ್ ಅಜೀಜಿ' ಎಂಬ ಇನ್ನೊಂದು ಹಡಗೂ ಜೊತೆಗಿತ್ತು. ದಕ್ಷಿಣದ ತುದಿಯಿಂದ ಅಕಾಬಾ ಕೊಲ್ಲಿಯವರೆಗೆ ಸೌದಿಯ ಕಡಲನ್ನು ಉದ್ದಕ್ಕೂ ಅಳೆದರು. ದಕ್ಷಿಣ ಭಾಗದಲ್ಲಿ 20ಕ್ಕೂ ಹೆಚ್ಚು 'ನೀಲಿ ಗುಂಡಿ'ಗಳು ಸಿಕ್ಕವು. ಸುಣ್ಣದ ಕಲ್ಲು ಕರಗಿ ಕುಸಿದು ಉಂಟಾಗುವ ಆಳವಾದ ಬಾವಿಯಂಥ ಗುಂಡಿಗಳಿವು. ಮೇಲೆ ತಿಳಿನೀಲಿ ನೀರು, ನಡುವೆ ಗಾಢನೀಲಿಯ ದುಂಡು ಬೊಟ್ಟು, ಹಾಗೆ ಕಾಣುತ್ತವೆ. ಆಮೆ, ಮೀನು, ಡಾಲ್ಫಿನ್‌ಗಳಿಗೆ ಇಂಥವು ಒಳ್ಳೆಯ ಆಸರೆ. ಈ ಯಾನದ ಮಾಹಿತಿ ಯಾವ ಜಾಗವನ್ನು ಕಾಪಾಡಬೇಕು ಅನ್ನುವ ತೀರ್ಮಾನಕ್ಕೆ ಆಧಾರ.

ಕಾಪಾಡುವ ಪ್ರಶ್ನೆ ಬರೀ ಮೇಲಿನ ಹವಳದ್ದಲ್ಲ. ಜೆದ್ದಾದಲ್ಲಿ ಕೆಲಸ ಮಾಡುವ ನಮ್ಮ ಕೇಳುಗರಿದ್ದರೆ, ಸಂಜೆ ಕಾರ್ನಿಷ್‌ನಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಆ ದಿಕ್ಕಿನಲ್ಲಿ, ಸಮುದ್ರದ ನಡುವೆ, 2,000 ಮೀಟರಿಗೂ ಕೆಳಗೆ 'ಅಟ್ಲಾಂಟಿಸ್ 2' ಎಂಬ ಬಿಸಿ ಉಪ್ಪುರಸದ ತಗ್ಗಿದೆ. 1960ರ ದಶಕದಲ್ಲಿ ಅದನ್ನು ಅಧ್ಯಯನ ಮಾಡಿದ ಹಡಗಿನ ಹೆಸರೇ ಅದಕ್ಕೆ. ಅಲ್ಲಿಯ ನೀರು 60 ಡಿಗ್ರಿಗಿಂತ ಬಿಸಿ. ಕೆಸರಿನ ತುಂಬ ಸತು, ತಾಮ್ರ, ಬೆಳ್ಳಿ. 1974ರಲ್ಲೇ ಸೌದಿ ಮತ್ತು ಸುಡಾನ್ ಈ ಸಂಪತ್ತನ್ನು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡವು. ಅಂದ್ರೆ ಷಟಲ್ ಹೋಗಿ ಹುಡುಕಿಕೊಟ್ಟ ಜಾಗಕ್ಕೆ ನಾಳೆ ಗಣಿಗಾರಿಕೆಯ ಯಂತ್ರವೂ ಹೋಗಬಹುದು. ಸಾವಿರ ವರ್ಷ ಯಾರೂ ಉಳದ ಕೆಸರನ್ನು ಒಂದು ಯಂತ್ರ ಒಂದೇ ದಿನದಲ್ಲಿ ಉತ್ತುಬಿಡುತ್ತೆ. ಕೊಳವೆ ಚುಚ್ಚಿ ಮಾದರಿ ತೆಗೆಯುವಾಗಲೂ ಅದಕ್ಕೇ ಕೈ ಬಿಗಿ ಹಿಡಿಯಬೇಕು. ದಿನಚರಿ ಓದೋಕೆ ಹೋಗಿ ಪುಟ ಹರಿಯಬಾರದು.

ಇನ್ನೊಂದು ಪ್ರಶ್ನೆ: ರೋಬೋ ಇಷ್ಟು ಮಾಡುತ್ತೆ ಅಂದಮೇಲೆ ಮನುಷ್ಯ ಯಾಕೆ ಇಳಿಯಬೇಕು? 2023ರ ಜೂನ್‌ನಲ್ಲಿ 'ಟೈಟಾನಿಕ್' ನೋಡಲು ಹೋದ 'ಟೈಟನ್' ಒಡೆದು ಐದು ಜನ ಸತ್ತದ್ದು ನೆನಪಿರಬಹುದು. ಅದಕ್ಕೆ ಯಾವ ಸ್ವತಂತ್ರ ಸಂಸ್ಥೆಯ ಸುರಕ್ಷತಾ ಪ್ರಮಾಣಪತ್ರವೂ ಇರಲಿಲ್ಲ. ಪ್ರಮಾಣಪತ್ರ ಪಡೆದ ವಾಹನಗಳ ಚರಿತ್ರೆ ಬೇರೆ, ಅವು ದಶಕಗಳಿಂದ ಸುರಕ್ಷಿತವಾಗಿ ಇಳಿದು ಹತ್ತುತ್ತಾ ಇವೆ. ನಮ್ಮ ಅಭಿಪ್ರಾಯ ಕೇಳಿದರೆ, ಹೆಚ್ಚಿನ ಕೆಲಸಕ್ಕೆ ರೋಬೋನೇ ಸರಿ. ದಣಿಯಲ್ಲ, ಉಸಿರಾಡಲ್ಲ, ಜೀವಭಯ ಇಲ್ಲ. ಆದರೆ ಕ್ಯಾಮೆರಾ ತನ್ನ ಚೌಕಟ್ಟಿನೊಳಗಿದ್ದದ್ದನ್ನು ಮಾತ್ರ ತೋರಿಸುತ್ತೆ. ಗೋಳದೊಳಗೆ ಕೂತ ಮನುಷ್ಯ ಕುತ್ತಿಗೆ ತಿರುಗಿಸಿ ನೋಡ್ತಾನೆ, ದೀಪ ಆರಿಸಿ ಕತ್ತಲಲ್ಲಿ ಮಿನುಗುವ ಜೀವಿಗಳನ್ನು ಕಣ್ಣಾರೆ ಕಾಣ್ತಾನೆ. ಎರಡೂ ಬೇಕು. ತಾಯಿಹಡಗು ಮೂರು ಜಾತಿಯ ಮರಿಗಳನ್ನು ಹೊತ್ತಿರುವುದರ ಅರ್ಥ ಇದೇ.

ನಮ್ಮ ದೇಶವೂ ಈ ಸಾಲಿಗೆ ಬರುತ್ತಿದೆ. ಸಮುದ್ರಯಾನ ಯೋಜನೆಯಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 'ಮತ್ಸ್ಯ 6000' ಕಟ್ಟುತ್ತಿದೆ. ಮೂರು ಜನ, 2.1 ಮೀಟರ್ ವ್ಯಾಸದ ಟೈಟಾನಿಯಂ ಗೋಳ, ಗುರಿ 6,000 ಮೀಟರ್. ಮಾಮೂಲಿ ಕೆಲಸಕ್ಕೆ 12 ಗಂಟೆ, ಆಪತ್ತು ಬಂದರೆ 96 ಗಂಟೆ ಬದುಕುವ ವ್ಯವಸ್ಥೆ. 2025ರ ಆರಂಭದಲ್ಲಿ ಚೆನ್ನೈ ಹತ್ತಿರದ ಕಾಟ್ಟುಪಳ್ಳಿ ಬಂದರಿನಲ್ಲಿ ಇದನ್ನು ನೀರಿಗಿಳಿಸಿ ಪರೀಕ್ಷೆ ಮಾಡಿದ್ದಾರೆ. ತಾಯಿಹಡಗು 'ಸಾಗರ ನಿಧಿ'. ಹಿಂದೂ ಮಹಾಸಾಗರದ ತಳದ ಲೋಹದ ಗಂಟುಗಳ ಮೇಲೂ ನಮ್ಮ ದೇಶಕ್ಕೆ ಕಣ್ಣಿದೆ. ಹಾಗಾಗಿ ಕೆಂಪು ಸಮುದ್ರದ ಪ್ರಶ್ನೆ ನಾಳೆ ನಮ್ಮದೂ ಆಗುತ್ತೆ: ಮೊದಲು ಯಾರು ಇಳಿಯಬೇಕು, ಅಳೆಯುವವರಾ, ಅಗೆಯುವವರಾ?

ಧಾರಾವಾಹಿಯಲ್ಲಿ ಷಟಲ್ ಕೆಟ್ಟರೆ ಮುಂದಿನ ವಾರಕ್ಕೆ ಹೊಸದು ಬಂದಿರುತ್ತೆ. ಉಪ್ಪುರಸದ ಕೆರೆಯ ಕೆಸರಿಗೆ ಹಾಗೆ ಮುಂದಿನ ಕಂತು ಇಲ್ಲ. ಕೇಳುಗರಲ್ಲಿ ಕಡಲ ಕೆಲಸದಲ್ಲಿ ಇರುವವರು, ಮೀನುಗಾರಿಕೆಯವರು, ಸೌದಿ ಕರಾವಳಿಯಲ್ಲಿ ನೀರಿಗಿಳಿದು ಈಜಿದವರು ಯಾರಾದರೂ ಇದ್ದರೆ ನೀವು ಕಂಡದ್ದನ್ನು ನಮಗೆ ಬರೆದು ಕಳಿಸಿ.